ಕೈ ಸರಿಯಿದೆ, ಕಾಲು ತಡ ಮಾಡುತ್ತಿದೆ

ಪ್ರಶ್ನೆ: ನಾವು ಡೆಟ್ರಾಯಿಟ್ ಪಕ್ಕದ ಊರಿನಲ್ಲಿದ್ದೇವೆ. ಮಗನಿಗೆ 15 ವರ್ಷ. ಹೈಸ್ಕೂಲಿನ ಕಿರಿಯರ (ಜೂನಿಯರ್ ವಾರ್ಸಿಟಿ) ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನಾಗಿ ಆಡುತ್ತಾನೆ. ಹೋದ ವರ್ಷ 9 ಪಂದ್ಯದಲ್ಲಿ 11 ಇಂಟರ್‌ಸೆಪ್ಷನ್ ಕೊಟ್ಟ, ಅಂದರೆ ಅವನು ಎಸೆದ ಚೆಂಡು ಅಷ್ಟು ಸಲ ಎದುರಾಳಿಯ ಕೈಸೇರಿತು. ಪಂದ್ಯ ಮುಗಿಸಿ ಬಂದು ಊಟ ಮಾಡದೆ ಮಲಗಿಬಿಡುತ್ತಿದ್ದ. ಈ ವರ್ಷ ಹೊಸ ಕೋಚ್ ಬಂದಿದ್ದಾರೆ. ಕೋಚ್ ಬದಲಾದರೆ ಹುಡುಗ ಬದಲಾಗುತ್ತಾನಾ? ಇಲ್ಲಿ ಎಲ್ಲರೂ ಡೆಟ್ರಾಯಿಟ್‌ನ ವೃತ್ತಿಪರ ತಂಡಕ್ಕೆ ಆಡಿದ ಕ್ವಾರ್ಟರ್‌ಬ್ಯಾಕ್ ಜ್ಯಾರೆಡ್ ಗಾಫ್ ಕಥೆ ಹೇಳುತ್ತಾರೆ. ನಮ್ಮ ಮನೆಯವರು ಗಂಟೆಗೆ 100 ಡಾಲರ್ ಕೊಟ್ಟು ಹೊರಗಿನ ಕೋಚ್ ಇಡೋಣ ಅನ್ನುತ್ತಾರೆ. ನನಗೆ ಆಟವೇ ಸರಿಯಾಗಿ ಅರ್ಥವಾಗುವುದಿಲ್ಲ. ಎರಡು ಪಂದ್ಯದ ವಿಡಿಯೊ ಕಳಿಸಿದ್ದೇನೆ, ನೋಡಿ ಹೇಳಿ.

ಉತ್ತರ: ವಿಡಿಯೊ ನೋಡಿದೆ. ನಿಲ್ಲಿಸಿ, ಹಿಂದಕ್ಕೆ ಓಡಿಸಿ, ಮತ್ತೆ ನೋಡಿದೆ. ಎರಡೂ ಪಂದ್ಯ ಸೇರಿ 5 ಇಂಟರ್‌ಸೆಪ್ಷನ್. ಒಂದರಲ್ಲಿ ಚೆಂಡು ಅದನ್ನು ಹಿಡಿಯಬೇಕಿದ್ದ ನಿಮ್ಮ ತಂಡದ ಹುಡುಗನ ಕೈಗೇ ಬಡಿದು ಮೇಲಕ್ಕೆ ಚಿಮ್ಮಿದೆ. ಅದನ್ನು ನಿಮ್ಮ ಮಗನ ಲೆಕ್ಕಕ್ಕೆ ಹಾಕಬೇಡಿ. ಉಳಿದ ನಾಲ್ಕರಲ್ಲೂ ಅವನು ಆರಿಸಿಕೊಂಡ ರಿಸೀವರ್ (ಓಡಿ ಹೋಗಿ ಚೆಂಡು ಹಿಡಿಯುವವನು) ಸರಿ, ಎಸೆದ ಜಾಗ ಸರಿ. ಎಸೆದದ್ದು ತಡ, ಅಷ್ಟೇ. ಮುಕ್ಕಾಲು ಸೆಕೆಂಡ್ ತಡ ಅಂದುಕೊಳ್ಳಿ. ಅಷ್ಟರಲ್ಲಿ ಎದುರಾಳಿ ಹುಡುಗ ನಾಲ್ಕೈದು ಹೆಜ್ಜೆ ಓಡಿ ಬಂದಿರುತ್ತಾನೆ.

ಇದು ನಿಮಗೆ ಒಳ್ಳೆಯ ಸುದ್ದಿ. ತಪ್ಪು ಜಾಗಕ್ಕೆ ಎಸೆಯುವವನನ್ನು ತಿದ್ದುವುದು ಕಷ್ಟ. ಸರಿಯಾದ ಜಾಗಕ್ಕೆ ತಡವಾಗಿ ಎಸೆಯುವವನನ್ನು ತಿದ್ದಬಹುದು. ಒಳ್ಳೆಯ ಕೋಚ್‌ನ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ.

ನಿಮಗೆ ಆಟ ಗೊತ್ತಿಲ್ಲ ಅಂದಿರಲ್ಲ, ಬೇಕಾದಷ್ಟು ಮಾತ್ರ ಹೇಳುತ್ತೇನೆ. ಚೆಂಡು ಕೈಗೆ ಬಂದಮೇಲೆ ಕ್ವಾರ್ಟರ್‌ಬ್ಯಾಕ್ ಹತ್ತಿರ ಎರಡೂವರೆ, ಹೆಚ್ಚೆಂದರೆ ಮೂರು ಸೆಕೆಂಡ್ ಇರುತ್ತದೆ. ಎದುರಿನಿಂದ ನಾಲ್ಕೈದು ಧಡೂತಿ ಆಟಗಾರರು ಅವನನ್ನು ಕೆಡವಲು ಬರುತ್ತಿರುತ್ತಾರೆ. ಅಷ್ಟರೊಳಗೆ ಮೂರ್ನಾಲ್ಕು ಜನ ಓಡುತ್ತಿರುವುದನ್ನು ನೋಡಬೇಕು, ಯಾರ ಸುತ್ತ ಜಾಗವಿದೆ ಎಂದು ಗುರುತಿಸಬೇಕು, ಆ ಹುಡುಗ ಈಗ ಇರುವಲ್ಲಿಗಲ್ಲ, ಮುಂದೆ ಬಂದು ಸೇರುವ ಜಾಗಕ್ಕೆ ಎಸೆಯಬೇಕು. ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ಅರ್ಥವಾಗುತ್ತದೆ. ಬಾಲ್ ಪಿಚ್ ಆಗುವವರೆಗೂ ಕಾದು ಆಮೇಲೆ ಕಾಲು ಎತ್ತುವ ಬ್ಯಾಟ್ಸ್‌ಮನ್ ಎಷ್ಟೇ ಬಲಶಾಲಿಯಾದರೂ ಔಟೇ ಅಲ್ವಾ?

ಈಗ ಗಾಫ್ ಕಥೆ. ನೆರೆಹೊರೆಯವರು ಹೇಳಿದ್ದರಲ್ಲಿ ಅರ್ಧ ಬಿಟ್ಟುಹೋಗಿರುತ್ತದೆ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

2016ರಲ್ಲಿ ಲಾಸ್ ಏಂಜಲೀಸ್ ರ್‍ಯಾಮ್ಸ್ ತಂಡ ಇವನನ್ನು ಇಡೀ ಡ್ರಾಫ್ಟ್‌ನಲ್ಲಿ (ಕಾಲೇಜು ಆಟಗಾರರನ್ನು ವೃತ್ತಿಪರ ತಂಡಗಳು ಸರದಿಯಂತೆ ಆರಿಸುವುದು) ಮೊದಲನೆಯವನಾಗಿ ಆರಿಸಿಕೊಂಡಿತು. ಆ ವರ್ಷ 7 ಪಂದ್ಯ ಆಡಿದ, ಏಳೂ ಸೋಲು. 5 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ತಂದ ಎಸೆತ), 7 ಇಂಟರ್‌ಸೆಪ್ಷನ್. ಏಳೇ ಪಂದ್ಯದಲ್ಲಿ 26 ಸಲ ಅವನನ್ನು ನೆಲಕ್ಕೆ ಕೆಡವಿದರು. ಒಂದನೇ ನಂಬರಿನ ಆಯ್ಕೆ ದಂಡವಾಯಿತು ಎಂದು ಎಲ್ಲರೂ ಬರೆದರು. ಕಾಲೇಜಿನಲ್ಲಿ ಅವನು ಆಡಿದ್ದು ಬೇರೆ ಥರದ ಆಟ. ಚೆಂಡನ್ನು ಹಿಂದಕ್ಕೆ ಕೊಡುವ ಸೆಂಟರ್‌ನಿಂದ ದೂರ ನಿಂತು ಚೆಂಡು ತೆಗೆದುಕೊಳ್ಳುವುದು, ಹಡಲ್ (ಗುಂಪುಗೂಡಿ ಮಾತಾಡುವುದು) ಕಟ್ಟದೆ ಬೇಗ ಬೇಗ ಆಡುವುದು. ಇಲ್ಲಿ ಬಂದ ತಕ್ಷಣ ಉದ್ದುದ್ದ ಪ್ಲೇ (ಮೊದಲೇ ಬರೆದಿಟ್ಟ ಆಟದ ನಡೆ) ಹೆಸರುಗಳನ್ನು ಬಾಯಿಪಾಠ ಹೇಳಿ, ಸೆಂಟರ್‌ನ ಬೆನ್ನಿಗೆ ಅಂಟಿ ನಿಂತು, ರಕ್ಷಣಾ ತಂಡಕ್ಕೆ ಬೆನ್ನು ಹಾಕಿ ತಿರುಗಿ ಎಸೆಯುವುದನ್ನು ಒಟ್ಟಿಗೇ ಕಲಿ ಅಂದರು. ಕನ್ನಡ ಮೀಡಿಯಂ ಹುಡುಗನನ್ನು ಪಿಯುಸಿಯಲ್ಲಿ ದಿಢೀರನೆ ಇಂಗ್ಲಿಷ್ ಕ್ಲಾಸಿನಲ್ಲಿ ಕೂರಿಸಿದ ಹಾಗೆ. ದಡ್ಡನಲ್ಲ, ಆದರೆ ಉತ್ತರ ಬರುವಷ್ಟರಲ್ಲಿ ಬೆಲ್ ಹೊಡೆದಿರುತ್ತದೆ.

2017ರ ಜನವರಿಯಲ್ಲಿ ಶಾನ್ ಮೆಕ್‌ವೇ ಹೆಡ್ ಕೋಚ್ ಆಗಿ ಬಂದರು. ಆಗ ಅವರಿಗೆ 30 ವರ್ಷ. ಅದೇ ಗಾಫ್ ಆ ವರ್ಷ 28 ಟಚ್‌ಡೌನ್ ಎಸೆದ, ಇಂಟರ್‌ಸೆಪ್ಷನ್ 7 ಮಾತ್ರ. 15 ಪಂದ್ಯದಲ್ಲಿ ಅವನನ್ನು ಕೆಡವಿದ್ದು 25 ಸಲ. 32 ತಂಡಗಳ ಲೀಗ್‌ನಲ್ಲಿ ಅಂಕ ಗಳಿಸುವುದರಲ್ಲಿ 2016ರಲ್ಲಿ ಕಟ್ಟಕಡೆಗಿದ್ದ ರ್‍ಯಾಮ್ಸ್, 2017ರಲ್ಲಿ ಮೊದಲನೆಯದಾಯಿತು.

ಹಾಗಾದರೆ ಮೆಕ್‌ವೇ ಮಾಡಿದ್ದೇನು? ಗಾಫ್‌ನ ತೋಳಿಗೆ ಅವರು ಏನನ್ನೂ ಸೇರಿಸಲಿಲ್ಲ. ಅವನ ತಲೆ ಮೇಲಿದ್ದ ಮೂಟೆ ಇಳಿಸಿದರು. ಒಂದು ಪ್ಲೇ ಹೇಳುತ್ತೇನೆ, ಗೊತ್ತಾಗುತ್ತದೆ.

ಚೆಂಡು ಬಂತು. ಗಾಫ್ ಎಡಕ್ಕೆ ತಿರುಗಿ ಓಟಗಾರನ ಹೊಟ್ಟೆಗೆ ಚೆಂಡು ಇಟ್ಟ ಹಾಗೆ ಮಾಡುತ್ತಾನೆ, ಆದರೆ ಕೊಡುವುದಿಲ್ಲ. ಇಡೀ ರಕ್ಷಣೆ ಎಡಕ್ಕೆ ನುಗ್ಗುತ್ತದೆ. ಗಾಫ್ ಚೆಂಡು ತೊಡೆಗೆ ಒತ್ತಿಕೊಂಡು ಬಲಕ್ಕೆ ಓಡುತ್ತಾನೆ. ಅವನ ಎದುರು ಮೂವರು ರಿಸೀವರ್‌ಗಳು, ಮೂವರೂ ಬಲಗಡೆಯೇ. ಒಬ್ಬ ಹತ್ತಿರ, ಒಬ್ಬ ನಡುವೆ, ಒಬ್ಬ ದೂರ. ಮೆಟ್ಟಿಲ ಮೇಲೆ ನಿಂತವರ ಹಾಗೆ. ಮೈದಾನದ ಎಡ ಅರ್ಧವನ್ನು ನೋಡುವ ಅಗತ್ಯವೇ ಇಲ್ಲ. ಕತ್ತು ತಿರುಗಿಸಬೇಕಿಲ್ಲ. ಹತ್ತು ಪ್ರಶ್ನೆ ಇದ್ದಲ್ಲಿ ಈಗ ಎರಡೇ ಪ್ರಶ್ನೆ. ಇದಕ್ಕೆ ಬೂಟ್‌ಲೆಗ್ ಅನ್ನುತ್ತಾರೆ, ಹಳೆ ಕಾಲದ್ದೇ. ಮೆಕ್‌ವೇ ಜಾಣತನ ಎಲ್ಲಿತ್ತು ಅಂದರೆ, ಅವರ ಓಟದ ಪ್ಲೇ ಮತ್ತು ಎಸೆತದ ಪ್ಲೇ ಎರಡೂ ಮೊದಲ ಒಂದು ಸೆಕೆಂಡ್ ಒಂದೇ ಥರ ಕಾಣುತ್ತಿದ್ದವು. ಹಾಗಾಗಿ ತಡವಾಗುತ್ತಿದ್ದುದು ಎದುರಾಳಿ.

ಇನ್ನೊಂದು ಉಪಾಯ ನನಗೆ ಬಹಳ ಇಷ್ಟ. ಎನ್‌ಎಫ್‌ಎಲ್‌ನಲ್ಲಿ, ಅಂದರೆ ಈ 32 ತಂಡಗಳ ಲೀಗ್‌ನಲ್ಲಿ, ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನಲ್ಲಿ ಸ್ಪೀಕರ್ ಇರುತ್ತದೆ. ಕೋಚ್ ಅದರಲ್ಲಿ ಮಾತಾಡಬಹುದು. ಮುಂದಿನ ಪ್ಲೇ ಶುರು ಮಾಡಲು ಕೊಟ್ಟ ಸಮಯದಲ್ಲಿ 15 ಸೆಕೆಂಡ್ ಉಳಿದಾಗ ಅದು ತಾನಾಗಿ ಕಟ್ ಆಗುತ್ತದೆ. ರ್‍ಯಾಮ್ಸ್ ಬೇಗ ಬೇಗ ಬಂದು ಸಾಲಿನಲ್ಲಿ ನಿಂತುಬಿಡುತ್ತಿದ್ದರು. ಆಗ ಎದುರಾಳಿಯೂ ನಿಲ್ಲಲೇಬೇಕು. ಅವರು ಹೇಗೆ ನಿಂತಿದ್ದಾರೆ ಎಂದು ಹೊರಗಿನಿಂದ ನೋಡಿ, ಲೈನ್ ಕಟ್ ಆಗುವ ಮೊದಲೇ ಮೆಕ್‌ವೇ ಕಿವಿಯಲ್ಲಿ ಹೇಳುತ್ತಿದ್ದರು. ಕೆಲವರು ಇದನ್ನು ಆಡಿಕೊಂಡರು. ಪರೀಕ್ಷೆಯಲ್ಲಿ ಮೇಷ್ಟ್ರೇ ಉತ್ತರ ಹೇಳಿಕೊಟ್ಟ ಹಾಗೆ ಅಂತ. ಆಡಿಕೊಳ್ಳಲಿ ಬಿಡಿ, 22 ವರ್ಷದ ಹುಡುಗನಿಗೆ ಅದು ಬೇಕಿತ್ತು.

ಆದರೆ ಅದರ ಬೆಲೆಯೂ ಒಂದು ದಿನ ಕೊಡಬೇಕಾಯಿತು. 2019ರ ಫೆಬ್ರವರಿ 3, ಅಟ್ಲಾಂಟಾದಲ್ಲಿ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್. ಎದುರಿಗೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಇಡೀ ಸೀಸನ್ ಒಬ್ಬೊಬ್ಬರನ್ನು ಬೆನ್ನಟ್ಟಿ ಕಾಯುತ್ತಿದ್ದ ಆ ತಂಡ, ಅವತ್ತು ಜಾಗ ಕಾಯುವ ರಕ್ಷಣೆಯನ್ನು ಜಾಸ್ತಿ ಆಡಿತು. ಮೂರನೇ ಕ್ವಾರ್ಟರ್‌ನಲ್ಲಿ ಗಾಫ್‌ನ ರಿಸೀವರ್ ಬ್ರ್ಯಾಂಡಿನ್ ಕುಕ್ಸ್ ಎಂಡ್ ಝೋನ್‌ನಲ್ಲಿ (ಕೊನೆಯ ಗೆರೆಯಾಚೆಯ ಜಾಗ) ಒಬ್ಬನೇ ನಿಂತಿದ್ದ. ಸುತ್ತ ನರಪಿಳ್ಳೆ ಇಲ್ಲ. ಗಾಫ್ ಕೊನೆಗೂ ನೋಡಿದ, ಎಸೆದ. ಚೆಂಡು ಗಾಳಿಯಲ್ಲಿರುವಾಗಲೇ ಪೇಟ್ರಿಯಟ್ಸ್‌ನ ಜೇಸನ್ ಮೆಕೋರ್ಟಿ ಆಚೆಯಿಂದ ಓಡಿ ಬಂದು ಅದನ್ನು ಹೊಡೆದು ಕೆಡವಿದ. ಒಂದು ಸೆಕೆಂಡ್ ಮೊದಲು ಎಸೆದಿದ್ದರೆ ಟಚ್‌ಡೌನ್. ರ್‍ಯಾಮ್ಸ್ ಇಡೀ ಪಂದ್ಯದಲ್ಲಿ 3 ಅಂಕ ಗಳಿಸಿ 13-3ಕ್ಕೆ ಸೋತಿತು.

ಆ ತುಣುಕನ್ನು ಹುಡುಕಿ ಮಗನಿಗೆ ತೋರಿಸಿ. ನಿಮ್ಮ ವಿಡಿಯೊದಲ್ಲಿರುವ ನಾಲ್ಕು ಇಂಟರ್‌ಸೆಪ್ಷನ್‌ಗೂ ಅದಕ್ಕೂ ವ್ಯತ್ಯಾಸವಿಲ್ಲ. ಸರಿಯಾದ ಮನುಷ್ಯ, ಸರಿಯಾದ ಜಾಗ, ತಡ. ಕೋಟಿಗಟ್ಟಲೆ ಸಂಬಳದವನಿಗೂ ಆಗುತ್ತದೆ ಎಂದು ತಿಳಿದರೆ ಹುಡುಗ ಒಂದು ಹೊತ್ತಾದರೂ ಊಟ ಮಾಡಿ ಮಲಗುತ್ತಾನೆ.

2021ರಲ್ಲಿ ರ್‍ಯಾಮ್ಸ್ ಅವನನ್ನು ನಿಮ್ಮ ಡೆಟ್ರಾಯಿಟ್‌ಗೆ ಸಾಗಹಾಕಿತು. ಡೆಟ್ರಾಯಿಟ್‌ನ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಟ್ಯಾಫರ್ಡ್‌ನನ್ನು ಪಡೆಯಲು ಗಾಫ್ ಜೊತೆಗೆ ಡ್ರಾಫ್ಟ್‌ನ ಎರಡು ಮೊದಲ ಸುತ್ತಿನ ಆಯ್ಕೆಗಳನ್ನೂ ಕೊಟ್ಟರು. ಅಂದರೆ ಇವನನ್ನು ತೆಗೆದುಕೊಂಡು ಹೋಗಿ ಎಂದು ಮೇಲೆ ದುಡ್ಡು ಕೊಟ್ಟ ಹಾಗೆ. ಇಲ್ಲೂ ಮೊದಲ 11 ಪಂದ್ಯದಲ್ಲಿ ಒಂದೂ ಗೆಲುವಿಲ್ಲ, ಒಂದು ಡ್ರಾ. ಆ ನವೆಂಬರ್‌ನಲ್ಲಿ ಹೆಡ್ ಕೋಚ್ ಡ್ಯಾನ್ ಕ್ಯಾಂಪ್‌ಬೆಲ್ ಪ್ಲೇ ಹೇಳುವ ಕೆಲಸವನ್ನು ತಾವೇ ಕೈಗೆತ್ತಿಕೊಂಡರು. ಆವರೆಗೆ ಟೈಟ್ ಎಂಡ್‌ಗಳಿಗೆ (ಎದುರಾಳಿಯನ್ನು ತಡೆಯುವ, ಚೆಂಡೂ ಹಿಡಿಯುವ ಆಟಗಾರರು) ಪಾಠ ಹೇಳುತ್ತಿದ್ದ ಬೆನ್ ಜಾನ್ಸನ್‌ಗೆ ಎಸೆತದ ಆಟದ ಜವಾಬ್ದಾರಿ ಕೊಟ್ಟರು. 2022ರಲ್ಲಿ ಜಾನ್ಸನ್ ಆಫೆನ್ಸಿವ್ ಕೋಆರ್ಡಿನೇಟರ್, ಅಂದರೆ ದಾಳಿಯ ಆಟ ನೋಡಿಕೊಳ್ಳುವ ಕೋಚ್ ಆದರು.

ಜಾನ್ಸನ್ ಗಾಫ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಆಟ ಕಟ್ಟಿದರು. ಯಾವ ಪ್ಲೇ ನಿನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ, ಯಾವುದು ಇಷ್ಟವಿಲ್ಲ, ಹೇಳು ಅಂತ. ಅವನಿಗೆ ಹಿಡಿಸದ್ದನ್ನು ಪಕ್ಕಕ್ಕಿಟ್ಟರು. ಲಾಸ್ ಏಂಜಲೀಸ್‌ನಲ್ಲಿ ಕೋಚ್ ಉತ್ತರ ಹೇಳುತ್ತಿದ್ದರು, ಡೆಟ್ರಾಯಿಟ್‌ನಲ್ಲಿ ಪ್ರಶ್ನೆಪತ್ರಿಕೆಯನ್ನೇ ಇಬ್ಬರೂ ಸೇರಿ ಬರೆದರು ಅನ್ನಬಹುದು. ನನ್ನ ಪ್ರಕಾರ ಈ ಎರಡನೆಯದೇ ದೊಡ್ಡ ಕೋಚಿಂಗ್. ಮೊದಲನೆಯದರ ಬಗ್ಗೆ ಜನ ಜಾಸ್ತಿ ಮಾತಾಡುತ್ತಾರೆ, ಅದು ಬೇರೆ ವಿಷಯ.

2022ರ ಕೊನೆಯಿಂದ 2023ರ ಶುರುವಿನವರೆಗೆ ಗಾಫ್ ಸತತ 383 ಎಸೆತ ಎಸೆದ, ಒಂದೂ ಇಂಟರ್‌ಸೆಪ್ಷನ್ ಇಲ್ಲ. 2024ರ ಜನವರಿ 14ರಂದು ಫೋರ್ಡ್ ಫೀಲ್ಡ್‌ನಲ್ಲಿ ಡೆಟ್ರಾಯಿಟ್ 24-23ಕ್ಕೆ ಪ್ಲೇಆಫ್ ಪಂದ್ಯ ಗೆದ್ದಿತು. 32 ವರ್ಷದಲ್ಲಿ ಮೊದಲನೆಯದು. ಸೋತವರು ಯಾರು? ಅದೇ ರ್‍ಯಾಮ್ಸ್, ಅದೇ ಮೆಕ್‌ವೇ, ಅದೇ ಸ್ಟ್ಯಾಫರ್ಡ್. ಊರಿಗೆ ಊರೇ ಗಾಫ್ ಹೆಸರು ಕೂಗಿತು. ನೀವೂ ಕೇಳಿಸಿಕೊಂಡಿರುತ್ತೀರಿ.

ನೆರೆಹೊರೆಯವರು ಬಿಟ್ಟುಬಿಡುವ ಭಾಗ ಇದು: ಎರಡೂ ಕಡೆ ಕೋಚ್ ಜೊತೆಗೆ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಮುಂದಿನ ಸಾಲೂ ಬದಲಾಗಿತ್ತು. 2017ರಲ್ಲಿ ರ್‍ಯಾಮ್ಸ್ ಆ್ಯಂಡ್ರೂ ವಿಟ್‌ವರ್ತ್ ಎಂಬ ಅನುಭವಿ ಲೈನ್‌ಮನ್‌ನನ್ನು ತಂದಿತ್ತು, ಕೂಪರ್ ಕಪ್, ರಾಬರ್ಟ್ ವುಡ್ಸ್ ಥರದ ಒಳ್ಳೆಯ ರಿಸೀವರ್‌ಗಳನ್ನು ತಂದಿತ್ತು. ಡೆಟ್ರಾಯಿಟ್‌ನಲ್ಲಿ ಆ ಸಾಲಿನಲ್ಲಿ ಪೆನೇ ಸೂಯೆಲ್ ಬೆಟ್ಟದ ಹಾಗೆ ನಿಂತ. ಕಾಯುವವರೇ ಇಲ್ಲದಿದ್ದರೆ ಯಾವ ಕೋಚ್ ಬಂದರೂ ಹುಡುಗ ನೆಲದ ಮೇಲೇ. ನಿಮ್ಮ ವಿಡಿಯೊದಲ್ಲಿ ಎಡ ಟ್ಯಾಕಲ್, ಅಂದರೆ ಆ ಸಾಲಿನ ಎಡ ತುದಿಯಲ್ಲಿ ಕಾಯುವ ಹುಡುಗ ತೀರಾ ಎಳಸು. ಅದಕ್ಕೂ ನಿಮ್ಮ ಮಗ ಬೈಸಿಕೊಳ್ಳುತ್ತಿದ್ದಾನೆ ಅನ್ನಿಸುತ್ತದೆ.

ಕೋಚ್ ಬದಲಾದರೆ ಸಾಕು ಎಂದುಕೊಳ್ಳುವವರಿಗೆ ನಾನು ಅಲೆಕ್ಸ್ ಸ್ಮಿತ್ ಎಂಬ ಕ್ವಾರ್ಟರ್‌ಬ್ಯಾಕ್ ಹೆಸರು ಹೇಳುತ್ತೇನೆ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಇವನನ್ನು ಒಂದನೇ ಆಯ್ಕೆಯಾಗಿ ತೆಗೆದುಕೊಂಡಿತು. ಮೊದಲ ವರ್ಷ 1 ಟಚ್‌ಡೌನ್, 11 ಇಂಟರ್‌ಸೆಪ್ಷನ್. ಹೌದು, ನಿಮ್ಮ ಮಗನದೇ ಸಂಖ್ಯೆ. 2011ರ ಹೊತ್ತಿಗೆ 7 ವರ್ಷದಲ್ಲಿ 7 ಜನ ಅವನ ಪ್ಲೇ ಹೇಳಿದ್ದರು. ಪ್ರತಿ ಸಲ ಹೊಸ ಪುಸ್ತಕ, ಹೊಸ ಹೆಸರುಗಳು. ರಿಸೀವರ್ ಓಡುವ ಒಂದೇ ದಾರಿಗೆ ಒಬ್ಬರು ಒಂದು ಅಂಕಿ ಕೊಟ್ಟರೆ ಇನ್ನೊಬ್ಬರು ಒಂದು ಪದ ಕೊಡುತ್ತಾರೆ. ಹುಡುಗ ಪಂದ್ಯದ ನಡುವೆ ಮನಸ್ಸಿನಲ್ಲೇ ಅನುವಾದ ಮಾಡುತ್ತಾ ನಿಂತಿರುತ್ತಾನೆ. ತಡ ಆಗದೆ ಇನ್ನೇನಾದೀತು? ಏಳನೆಯವರ ಜೊತೆ ಹೆಡ್ ಕೋಚ್ ಆಗಿ ಜಿಮ್ ಹಾರ್ಬಾ ಬಂದರು, ಸ್ವತಃ ಕ್ವಾರ್ಟರ್‌ಬ್ಯಾಕ್ ಆಗಿದ್ದವರು. ಅವರು ಸ್ಮಿತ್‌ನಿಂದ ಸಾಹಸ ಕೇಳಲಿಲ್ಲ. ಗಟ್ಟಿ ರಕ್ಷಣೆ ಇದೆ, ಓಟ ಇದೆ, ನೀನು ಚೆಂಡು ಕಳೆದುಕೊಳ್ಳಬೇಡ ಅಂದರು. ಆ ವರ್ಷ 17 ಟಚ್‌ಡೌನ್, 5 ಇಂಟರ್‌ಸೆಪ್ಷನ್, ತಂಡಕ್ಕೆ 13 ಗೆಲುವು, 3 ಸೋಲು.

ಹಾಗಾಗಿ ಹೊಸ ಕೋಚ್ ಬಂದ ಮೊದಲ ತಿಂಗಳಲ್ಲಿ ಹುಡುಗ ಇನ್ನೂ ಕೆಟ್ಟದಾಗಿ ಆಡಿದರೆ ಗಾಬರಿಯಾಗಬೇಡಿ. ಹೊಸ ಭಾಷೆ ನಾಲಿಗೆಗೆ ಹತ್ತಬೇಕು.

ಈಗ ಹೊಸ ಕೋಚ್ ಒಳ್ಳೆಯವರಾ ಎಂದು ನೀವು ಹೇಗೆ ತಿಳಿಯುವುದು? ಆಟ ಗೊತ್ತಿಲ್ಲದಿದ್ದರೂ ಇದನ್ನು ನೋಡಬಹುದು. ಇಂಟರ್‌ಸೆಪ್ಷನ್ ಆಗಿ ಹುಡುಗ ತಲೆ ತಗ್ಗಿಸಿ ಹೊರಗೆ ಬರುತ್ತಾನಲ್ಲ, ಆಗ ಕೋಚ್ ಕೇಳುವ ಮೊದಲ ಮಾತು ಏನು? "ಅಲ್ಲಿಗೆ ಯಾಕೆ ಎಸೆದೆ?" ಅಂದರೆ ಅದು ಪ್ರಶ್ನೆಯಲ್ಲ, ಬೈಗುಳ. "ನಿನಗೆ ಏನು ಕಾಣಿಸಿತು?" ಅಂದರೆ ಅದು ಪಾಠ. ಹುಡುಗ "ಒಬ್ಬನೇ ಸೇಫ್ಟಿ ಇದ್ದ ಅಂದುಕೊಂಡೆ" ಅಂದರೆ, ಕೋಚ್‌ಗೆ ತಪ್ಪು ಎಲ್ಲಿ ಅಂತ ಗೊತ್ತಾಯಿತು. ಸೇಫ್ಟಿ, ಅಂದರೆ ಎಲ್ಲರಿಗಿಂತ ಹಿಂದೆ ಕಾಯುವ ಎದುರಾಳಿ ಹುಡುಗರು, ಒಬ್ಬರಾ ಇಬ್ಬರಾ ಎಂದು ಚೆಂಡು ಬರುವ ಮೊದಲೇ ಎಣಿಸುವುದು ಕ್ವಾರ್ಟರ್‌ಬ್ಯಾಕ್‌ನ ಮೊದಲ ಮಗ್ಗಿ. ಎಣಿಕೆ ತಪ್ಪಿದರೆ ಎಣಿಕೆ ಕಲಿಸಬೇಕು. ಎಣಿಕೆ ಸರಿಯಿದ್ದು ತಡವಾಗಿದ್ದರೆ ಕಾಲು ಕಲಿಸಬೇಕು. ಹಳೆ ಕೋಚ್ ಏನು ಕೇಳುತ್ತಿದ್ದರು ಎಂದು ಮಗನನ್ನು ಸುಮ್ನೆ ಕೇಳಿ ನೋಡಿ.

ಕಾಲು ಅಂದೆ. ಇದು ಮುಖ್ಯ, ಸ್ವಲ್ಪ ನಿಧಾನವಾಗಿ ಓದಿ. ಚೆಂಡು ತೆಗೆದುಕೊಂಡಮೇಲೆ ಹಿಂದಕ್ಕೆ ಮೂರು ಹೆಜ್ಜೆ. ಮೂರನೆಯ ಹೆಜ್ಜೆಯಲ್ಲಿ ಹಿಂಗಾಲು ಊರಿದ ಕ್ಷಣವೇ ಮೊದಲ ರಿಸೀವರ್ ತಿರುಗುತ್ತಾನೆ, ಪ್ಲೇ ಬರೆಯುವಾಗಲೇ ಹಾಗೆ ಬರೆದಿರುತ್ತಾರೆ. ಜಾಗ ಇದ್ದರೆ ಆಗಲೇ ಎಸೆತ. ಇಲ್ಲದಿದ್ದರೆ ಮುಂದಕ್ಕೆ ಒಂದು ಪುಟ್ಟ ಜಿಗಿತ, ಅದಕ್ಕೆ ಹಿಚ್ ಅನ್ನುತ್ತಾರೆ. ಆ ಹಿಚ್ ಜೊತೆಗೇ ಕಣ್ಣು ಎರಡನೆಯವನ ಮೇಲೆ. ಇನ್ನೊಂದು ಹಿಚ್, ಮೂರನೆಯವನು. ಅಲ್ಲೂ ಇಲ್ಲವೇ, ಚೆಂಡನ್ನು ಗೆರೆಯಾಚೆ ಬಿಸಾಡುವ ದಾರಿ ನೋಡು, ಇಲ್ಲ ಓಡು. ಕಾಲೇ ಗಡಿಯಾರ. ಭರತನಾಟ್ಯ ಕಲಿತವರಿಗೆ ತಾಳಕ್ಕೆ ಹೆಜ್ಜೆ ಹೇಗೋ ಹಾಗೆ, ಇಲ್ಲಿ ಹೆಜ್ಜೆಗೆ ಕಣ್ಣು.

ನಿಮ್ಮ ಮಗ ಮಾಡುತ್ತಿರುವುದು ಏನು ಗೊತ್ತಾ? ಮೂರು ಹೆಜ್ಜೆ ಹೋಗಿ ಕಲ್ಲಿನ ಹಾಗೆ ನಿಂತುಬಿಡುತ್ತಾನೆ. ಎರಡೂ ಪಾದ ನೆಲಕ್ಕೆ ಅಂಟಿ, ಮೊದಲನೆಯವನನ್ನೇ ನೋಡುತ್ತಾ, ಖಾತ್ರಿಯಾಗಲಿ ಅಂತ ಕಾಯುತ್ತಾನೆ. ತಪ್ಪು ಮಾಡಿದರೆ ಹೊರಗೆ ಕೂರಿಸುತ್ತಾರೆ ಎಂಬ ಭಯ ಇರುವ ಎಲ್ಲ ಹುಡುಗರೂ ಹೀಗೇ ಕಾಯುತ್ತಾರೆ. ಕಾದಷ್ಟೂ ತಡ, ತಡವಾದಷ್ಟೂ ಇಂಟರ್‌ಸೆಪ್ಷನ್, ಆಮೇಲೆ ಇನ್ನೂ ಭಯ.

ಇದಕ್ಕೆ ನಾನು ಅಭ್ಯಾಸದಲ್ಲಿ ಪೊರಕೆ ಬಳಸುತ್ತೇನೆ. ನಗಬೇಡಿ. ಇಬ್ಬರು ಹುಡುಗರು ಉದ್ದ ಹಿಡಿಯ ಪೊರಕೆ ಎತ್ತಿ ಹಿಡಿದು ಕ್ವಾರ್ಟರ್‌ಬ್ಯಾಕ್ ಮೇಲೆ ನಡೆದು ಬರುತ್ತಾರೆ, ಎದುರಾಳಿಗಳು ಕೈ ಎತ್ತಿದ ಹಾಗೆ. ನಾನು ಪಕ್ಕದಲ್ಲಿ ನಿಂತು "ಒಂದು, ಹಿಚ್, ಹಿಚ್, ಹೋಗು" ಎಂದು ಕೂಗುತ್ತೇನೆ. ಚೆಂಡು ಎಲ್ಲಿ ಬಿತ್ತು ಎಂದು ಮೊದಲ ಎರಡು ವಾರ ನೋಡುವುದೇ ಇಲ್ಲ.

ನನ್ನ ತಪ್ಪೂ ಒಂದು ಹೇಳಿಬಿಡುತ್ತೇನೆ. ಕೋಚಿಂಗ್ ಶುರು ಮಾಡಿದ ಹೊಸತರಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮಣಿಕಟ್ಟಿಗೆ ಕಟ್ಟುವ ಪಟ್ಟಿಯಲ್ಲಿ 60 ಪ್ಲೇ ಬರೆದುಕೊಟ್ಟಿದ್ದೆ. ಎಷ್ಟು ಕಲಿಸುತ್ತಿದ್ದೇನೆ ನೋಡಿ ಎಂಬ ಜಂಬ ನನಗೆ. ಹುಡುಗ ಪ್ರತಿ ಸಲ ಪಟ್ಟಿ ನೋಡಿ, ಆಕಾಶ ನೋಡಿ, ಮತ್ತೆ ಪಟ್ಟಿ ನೋಡುತ್ತಿದ್ದ. ನಾಲ್ಕು ಪಂದ್ಯ ಸೋತಮೇಲೆ 14ಕ್ಕೆ ಇಳಿಸಿದೆ. ಆ ಹುಡುಗನ ತೋಳು ದಿಢೀರನೆ "ಒಳ್ಳೆಯದಾಯಿತು" ಎಂದು ಎಲ್ಲರೂ ಹೊಗಳಿದರು. ತೋಳು ಮೊದಲೂ ಅದೇ ಇತ್ತು.

ಖಾಸಗಿ ಕೋಚ್ ವಿಷಯ. ಸೀಸನ್ ನಡೆಯುವಾಗ ಬೇಡ. ಶಾಲೆಯ ಕೋಚ್ ಒಂದು ಹೇಳಿ, ಇವರು ಇನ್ನೊಂದು ಹೇಳಿದರೆ ನಿಮ್ಮ ಮನೆಯಲ್ಲೇ ಒಬ್ಬ ಅಲೆಕ್ಸ್ ಸ್ಮಿತ್ ತಯಾರಾಗುತ್ತಾನೆ. ಸೀಸನ್ ಮುಗಿದಮೇಲೆ ಸೊಂಟ, ಪಾದ, ಭುಜದ ಕ್ರಮ ತಿದ್ದಲು ಒಳ್ಳೆಯ ಕೋಚ್ ಸಿಕ್ಕರೆ ದುಡ್ಡು ದಂಡವಲ್ಲ. ಬಫಲೋ ತಂಡದ ಜಾಶ್ ಆ್ಯಲನ್ 2018ರಲ್ಲಿ 100 ಎಸೆದರೆ 53ರಷ್ಟು ಮಾತ್ರ ಗುರಿ ಸೇರುತ್ತಿದ್ದವು. 2020ಕ್ಕೆ ಅದು 69 ಆಯಿತು. ಬಿಡುವಿನ ತಿಂಗಳುಗಳಲ್ಲಿ ಅವನು ಹೊರಗಿನ ಕೋಚ್ ಜೊತೆ ಸೊಂಟ ಮತ್ತು ಕಾಲಿನ ಕೆಲಸ ಮಾಡಿದ್ದು ನಿಜ. ಆದರೆ ಆ ಮೂರೂ ವರ್ಷ ತಂಡದಲ್ಲಿ ಪ್ಲೇ ಹೇಳುತ್ತಿದ್ದವರು ಒಬ್ಬರೇ, ಬ್ರಯಾನ್ ಡೇಬಲ್. 2020ರಲ್ಲಿ ಸ್ಟೆಫಾನ್ ಡಿಗ್ಸ್ ಎಂಬ ರಿಸೀವರ್ ಕೂಡ ಬಂದ. ಜಾಹೀರಾತಿನಲ್ಲಿ ಖಾಸಗಿ ಕೋಚ್‌ಗಳು ಈ ಕೊನೆಯ ಎರಡು ವಿಷಯ ಹೇಳುವುದಿಲ್ಲ. ಯಾರನ್ನಾದರೂ ಇಡುವ ಮೊದಲು ಒಂದೇ ಮಾತು ಕೇಳಿ: "ನಮ್ಮ ಶಾಲೆಯ ಕೋಚ್‌ಗೆ ಫೋನ್ ಮಾಡಿ ಮಾತಾಡುತ್ತೀರಾ?" ಮುಖ ಸಿಂಡರಿಸಿದರೆ ಬೇರೆಯವರನ್ನು ನೋಡಿ.

ಎಲ್ಲ ಹುಡುಗರೂ ತಿರುಗಿಕೊಳ್ಳುತ್ತಾರೆ ಎಂದು ನಾನು ಹೇಳುವುದಿಲ್ಲ. ಕೆಲವರಿಗೆ ಈ ಜಾಗ ಒಗ್ಗುವುದಿಲ್ಲ, ರಿಸೀವರ್ ಆಗಿಯೋ ಸೇಫ್ಟಿ ಆಗಿಯೋ ಖುಷಿಯಾಗಿ ಆಡುತ್ತಾರೆ. ತಿರುಗಿಕೊಳ್ಳುವವರಿಗೂ ಎಷ್ಟು ಕಾಲ ಬೇಕು ಎಂದು ಯಾರೂ ಬರೆದುಕೊಡಲಾರರು. ಸ್ಯಾಮ್ ಡಾರ್ನಲ್ಡ್ ಎಂಬ ಕ್ವಾರ್ಟರ್‌ಬ್ಯಾಕ್ 2018ರಲ್ಲಿ ನ್ಯೂಯಾರ್ಕ್ ಜೆಟ್ಸ್‌ಗೆ ಮೂರನೇ ಆಯ್ಕೆಯಾಗಿ ಬಂದ. 2019ರ ಅಕ್ಟೋಬರ್‌ನಲ್ಲಿ ಒಂದು ಪಂದ್ಯದಲ್ಲಿ 4 ಇಂಟರ್‌ಸೆಪ್ಷನ್ ಕೊಟ್ಟು, ಬೆಂಚಿನ ಮೇಲೆ ಕೂತು "ದೆವ್ವ ಕಾಣಿಸ್ತಿದೆ" ಅಂದದ್ದು ಮೈಕಿನಲ್ಲಿ ಸಿಕ್ಕಿ ದೇಶವೆಲ್ಲ ನಕ್ಕಿತು. ಆಮೇಲೆ ಕ್ಯಾರೊಲೈನಾ, ಆಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ವರ್ಷ ಬೆಂಚು ಕಾದ. 2024ರಲ್ಲಿ ಮಿನೆಸೋಟಾದ ಕೋಚ್ ಕೆವಿನ್ ಒಕಾನಲ್ ಕೈಗೆ ಸಿಕ್ಕಿ 35 ಟಚ್‌ಡೌನ್ ಎಸೆದ, ತಂಡ 14 ಪಂದ್ಯ ಗೆದ್ದಿತು. ನಡುವೆ ಕಳೆದದ್ದು ಆರು ವರ್ಷ. ಮತ್ತೆ ಆ ವರ್ಷದ ಪ್ಲೇಆಫ್‌ನಲ್ಲಿ ರ್‍ಯಾಮ್ಸ್ ಅವನನ್ನು 9 ಸಲ ಕೆಡವಿ ಸೋಲಿಸಿತು, ಅದನ್ನೂ ಹೇಳಬೇಕು.

ಮನೆಯಲ್ಲಿ ನೀವು ಮಾಡಬಹುದಾದ್ದು ಕಡಿಮೆ. ಗ್ಯಾಲರಿಯಿಂದ "ಎಸೆ, ಎಸೆ" ಎಂದು ಕೂಗಬೇಡಿ, ಮನೆಯವರಿಗೂ ಹೇಳಿ. ವಿಡಿಯೊದಲ್ಲಿ ಒಂದು ಗಂಡು ದನಿ ಕನ್ನಡದಲ್ಲಿ ಕೂಗುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಪಂದ್ಯ ಮುಗಿಸಿ ಬರುವಾಗ ಕಾರಿನಲ್ಲಿ ಆಟದ ಮಾತು ಅವನಾಗಿ ಎತ್ತುವವರೆಗೂ ಎತ್ತಬೇಡಿ. ಹಿತ್ತಲಿನಲ್ಲಿ ಚೆಂಡಿಲ್ಲದೆ, ಬರಿಗೈಯಲ್ಲಿ, ದಿನಾ 10 ನಿಮಿಷ ಆ ಮೂರು ಹೆಜ್ಜೆ ಮತ್ತು ಹಿಚ್ ಮಾಡಲಿ. ಎಣಿಸುವ ಕೆಲಸ ನೀವು ಮಾಡಬಹುದು, ಅದಕ್ಕೆ ಆಟ ಗೊತ್ತಿರಬೇಕಿಲ್ಲ.

ಮೂರನೇ ಪಂದ್ಯ ಆದಮೇಲೆ ಇನ್ನೊಂದು ವಿಡಿಯೊ ಕಳಿಸಿ. ಈ ಸಲ ಮೊಬೈಲ್ ಅಡ್ಡ ಹಿಡಿದು, ಗ್ಯಾಲರಿಯ ಮೇಲಿನ ಮೆಟ್ಟಿಲಿನಿಂದ ತೆಗೆಯಿರಿ. ಚೆಂಡಿನ ಹಿಂದೆ ಕ್ಯಾಮೆರಾ ಓಡಿಸಬೇಡಿ. 22 ಜನರೂ ಕಾಣಬೇಕು, ಮಗನ ಪಾದವಂತೂ ಕಾಣಲೇಬೇಕು.